ಮೂಡಿಗೆರೆಯ ಮಳೆಯಲ್ಲೂ ಉಳಿದ ಚಿತ್ರ ದಿನಚರಿ: ನನ್ನ ಅನುಭವ

ಮಲೆನಾಡಿನ ಮಳೆಗಾಲದಲ್ಲಿ ಮಿಕ್ಸ್ಡ್ ಮೀಡಿಯಾ ಜರ್ನಲ್, ಅಂದರೆ ಬಣ್ಣ, ಶಾಯಿ, ಅಂಟಿಸಿದ ಚೀಟಿಗಳೆಲ್ಲ ಸೇರಿದ ಚಿತ್ರ ದಿನಚರಿ, ಉಳಿಯುವುದಿಲ್ಲ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿದ್ದೇನೆ. ಹಾಸನದಲ್ಲಿ ಚಿತ್ರಕಲಾ ಶಿಕ್ಷಕರಾಗಿರುವ ಗೆಳೆಯರೊಬ್ಬರು ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆನ್ಸಿಲ್ ಮಾತ್ರ ಹಿಡಿ, ಬಣ್ಣ, ಗೋಂದಿನ ಸಹವಾಸ ಬೇಡ’ ಎಂದೇ ಹೇಳಿದ್ದರು. ಈಗ ಹಲವು ಮಳೆಗಾಲ ದಾಟಿದ ಹಾಳೆಗಳು ನನ್ನ ಬೀರುವಿನಲ್ಲಿವೆ. ಬೂಷ್ಟು ಹಿಡಿದಿಲ್ಲ, ಒಂದಕ್ಕೊಂದು ಅಂಟಿಲ್ಲ. ಕಳೆದ ಬೇಸಿಗೆಯಲ್ಲಿ ಅದೇ ಗೆಳೆಯರು ಮನೆಗೆ ಬಂದು ಒಂದೊಂದೇ ಹಾಳೆ ಮಗುಚಿ ನೋಡಿದರು. ಹೊರಡುವಾಗ ಗೆಸ್ಸೋ (ಬಣ್ಣ ಹಚ್ಚುವ ಮೊದಲು ಹಾಳೆಗೆ ಬಳಿಯುವ ಬಿಳಿ ಲೇಪ) ಹೇಗೆ ಮಾಡುತ್ತೀರಿ ಎಂದು ಕೇಳಿದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಬೆಳಿಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವುದು ಹೇಗೂ ನನ್ನ ಕೆಲಸ. ಆ ಅಂಕಿಯನ್ನೇ ಅಂದಿನ ಹಾಳೆಯ ಮೂಲೆಯಲ್ಲೂ ಬರೆಯಲು ಶುರುಮಾಡಿದ ಮೇಲೆ ದಿನ ತಪ್ಪಿದ್ದು ಕಡಿಮೆ. ಏನು ಬಿಡಿಸಲಿ ಎಂದು ಯೋಚಿಸುತ್ತಾ ಕುಳಿತರೆ ಹಾಳೆ ಖಾಲಿ ಉಳಿಯುತ್ತದೆ. ಒಂದು ಅಂಕಿ ಬಿದ್ದರೆ ಕೈ ತಾನಾಗಿ ಮುಂದುವರಿಯುತ್ತದೆ. ಬೇಸಿಗೆಯಲ್ಲೂ ಸೊನ್ನೆ ಬರೆಯುತ್ತೇನೆ.

ಮೊದಲ ವರ್ಷ ಆರೇಳು ಸಾವಿರ ರೂಪಾಯಿ ನೀರಿಗೆ ಹೋಯಿತು. ಹೊಲಿದು ಸಿದ್ಧವಾಗಿದ್ದ ದಪ್ಪ ಹಾಳೆಯ ಪುಸ್ತಕ, ಡಬ್ಬಿ ಗೆಸ್ಸೋ, ಟ್ಯೂಬ್ ಅಕ್ರಿಲಿಕ್, ಎಲ್ಲವನ್ನೂ ಬೆಂಗಳೂರಿನಿಂದ ತರಿಸಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಎದುರುಬದುರು ಪುಟಗಳ ಅಕ್ರಿಲಿಕ್ ಒಂದಕ್ಕೊಂದು ಕಚ್ಚಿಕೊಂಡಿತು. ಬಿಡಿಸಲು ಹೋದರೆ ಬಣ್ಣದ ಜೊತೆ ಕಾಗದದ ತೊಗಲೂ ಕಿತ್ತು ಬಂತು. ಮೈದಾ ಗೋಂದಿನಲ್ಲಿ ಅಂಟಿಸಿದ ಕಡೆಯೆಲ್ಲ ಹಸಿರು ಬೂಷ್ಟು. ಪುಸ್ತಕವೋ, ಒಳಗೆ ಅಂಟಿಸಿದ್ದು ಹೆಚ್ಚಾಗಿ ಮೊಸಳೆಯಂತೆ ಬಾಯಿ ತೆರೆದುಕೊಂಡಿತ್ತು. ಮೇಲೆ ಎಷ್ಟು ಭಾರ ಹೇರಿದರೂ ಮುಚ್ಚಲಿಲ್ಲ.

ಹೊಲಿದ ಪುಸ್ತಕದಲ್ಲಿ ಮಳೆಗಾಲದ ಕೆಲಸ ಆಗುವುದೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಡಿ ಹಾಳೆಯಲ್ಲಿ ಮಾಡಿ, ಮಾಗಿಯಲ್ಲಿ ಹೊಲಿಯಬೇಕು. 22×30 ಇಂಚಿನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಗದವನ್ನು ಎಂಟಾಗಿ ಕತ್ತರಿಸಿದರೆ ಏಳೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದದ ಹಾಳೆ ಸಿಗುತ್ತದೆ. ಹತ್ತಿಯ ಕಾಗದವನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಉಳಿದ ದಿನ ಅಗ್ಗದ್ದು, ಹಾಳೆಯೊಂದಕ್ಕೆ ಎಂಟು-ಹತ್ತು ರೂಪಾಯಿ ಬೀಳುತ್ತದೆ.

ಗೆಸ್ಸೋ ಈಗ ಮನೆಯದ್ದೇ. ಪೇಂಟ್ ಅಂಗಡಿಯ ಚಾಕ್ ಪೌಡರ್, ಫೆವಿಕಾಲ್, ಸ್ವಲ್ಪ ಬಿಳಿ ಅಕ್ರಿಲಿಕ್, ನೀರು. ಶಾಲೆಯ ಸೀಮೆಸುಣ್ಣ ಕುಟ್ಟಿ ಹಾಕಬೇಡಿ. ಅದು ಹೆಸರಿಗಷ್ಟೇ ಚಾಕ್, ಬಹುಪಾಲು ಜಿಪ್ಸಮ್. ಪುಡಿಯನ್ನು ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿ. ಅಳತೆ ನಿಮ್ಮ ಕೈಗೇ ಸಿಗಬೇಕು, ನನ್ನದನ್ನು ಹೇಳುವುದಿಲ್ಲ. ಬಾಗಿಸಿದಾಗ ಬಿರುಕು ಬಿಟ್ಟರೆ ಗೋಂದು ಕಡಿಮೆಯಾಗಿದೆ, ನೀರುಬಣ್ಣ ಮೇಲೆಯೇ ಜಾರಿದರೆ ಹೆಚ್ಚಾಗಿದೆ ಎಂದಷ್ಟೇ ತಿಳಿದುಕೊಳ್ಳಿ. ಕಿಲೋ ಗೆಸ್ಸೋಗೆ ನೂರು ರೂಪಾಯಿ ದಾಟುವುದಿಲ್ಲ.

ಒಮ್ಮೆ ಬೇಲೂರಿನಲ್ಲಿ ಬಳಪದ ಕಲ್ಲಿನ ಮೂರ್ತಿ ಕೆತ್ತುವವರ ಬಳಿ ಉಳಿದ ಪುಡಿಯನ್ನು ಚೀಲದಲ್ಲಿ ಕಟ್ಟಿಸಿಕೊಂಡು ಬಂದು ಚಾಕ್‌ನ ಬದಲು ಅದನ್ನೇ ಕಲಸಿದೆ. ಹೊಯ್ಸಳರು 1117ರ ಚೆನ್ನಕೇಶವ ದೇವಾಲಯಕ್ಕೆ ಬಳಸಿದ ಕಲ್ಲಿನ ಜಾತಿಯೇ ಇದೂ. ಬೆರಳಲ್ಲಿ ಉಜ್ಜಿದರೆ ಸಾಬೂನಿನಷ್ಟು ನುಣುಪು. ಆ ಪದರದ ಮೇಲೆ ಪೆನ್ಸಿಲ್ ಜಾರುತ್ತದೆ, ಆದರೆ ನಿಬ್ಬಿನ ಪೆನ್ನು ಅಷ್ಟು ಚೆನ್ನಾಗಿ ಓಡುವ ಮೇಲ್ಮೈಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಾಯಿಯ ಹಾಳೆಗಳಿಗೆ ಈಗಲೂ ಅದನ್ನೇ ಹಚ್ಚುತ್ತೇನೆ.

ಶಾಯಿಯೂ ನನ್ನದೇ. ಅಳಲೆಕಾಯಿಯ ಸಿಪ್ಪೆ ಕುದಿಸಿದ ಕಷಾಯಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದರೆ ಆಯಿತು. ಬರೆಯುವಾಗ ಮಾಸಲು ಬೂದು, ಗಾಳಿ ತಾಗುತ್ತಾ ಮರುದಿನಕ್ಕೆ ಕಡುಕಪ್ಪು. ಚೆನ್ನಾಗಿ ಒಣಗಿದ ಮೇಲೆ ನೀರುಬಣ್ಣ ಹರಿಸಿದರೂ ಗೆರೆ ಕದಡುವುದಿಲ್ಲ. ಅನ್ನಭೇದಿ ಹೆಚ್ಚಾದರೆ ಕೆಲವು ವರ್ಷಗಳಲ್ಲಿ ಕಾಗದವನ್ನೇ ತಿನ್ನುತ್ತದೆ, ಜೋಕೆ. ಕಾಫಿಯಿಂದ ಬಣ್ಣ ಮಾಡುವುದಾದರೆ ಚಿಕೋರಿ ಬೆರೆಸಿದ ಪುಡಿ ಬೇಡ. ನನ್ನ ಹಾಳೆಗಳಲ್ಲಿ ಅದು ತಿಂಗಳಾದರೂ ಅಂಟಂಟಾಗಿಯೇ ಇತ್ತು.

ಗೋಂದಿನ ವಿಷಯದಲ್ಲಿ ದಾರಿ ತೋರಿಸಿದ್ದು ತೋಟದ ಸ್ಟೋರ್. ಕರಿಮೆಣಸಿಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತ (ತಾಮ್ರದ ಸಲ್ಫೇಟ್) ಅಲ್ಲಿ ಸದಾ ಇರುತ್ತದೆ. ಹಳೆಯ ಬೈಂಡಿಂಗ್‌ನವರು ಮೈದಾ ಗೋಂದಿಗೆ ಅದನ್ನೇ ಬೆರೆಸುತ್ತಿದ್ದರು. ಬೆಂದ ಗೋಂದು ಆರಿದ ಮೇಲೆ ಪಿಂಗಾಣಿ ಬಟ್ಟಲಿನಲ್ಲಿ ಒಂದು ಚಿಟಿಕೆ ಕಲಸಿ. ಬೂಷ್ಟೂ ಇಲ್ಲ, ಹುಳವೂ ಇಲ್ಲ. ವಿಷದ ವಸ್ತು, ಅಡುಗೆಯ ಪಾತ್ರೆ ಮುಟ್ಟಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಒಣಗಿಸುವುದು. ಬೀರುವಿನೊಳಗೆ 40 ವ್ಯಾಟ್ ಬಲ್ಬು ಉರಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಲ್‌ಇಡಿಯಿಂದ ಈ ಕೆಲಸ ಆಗದು, ಸಾಕಷ್ಟು ಶಾಖವಿಲ್ಲ. ತಂತಿಯ ಬಲ್ಬೇ ಬೇಕು, ಹಾಳೆಗಳಿಂದ ಒಂದು ಗೇಣಾದರೂ ದೂರವಿರಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಬೀರು ತಣ್ಣಗಾಯಿತು, ಆ ತಿಂಗಳ ಅರ್ಧಕ್ಕರ್ಧ ಹಾಳೆ ಹೋದವು. ಆಗ ಉಳಿದವನ್ನು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಹೊಗೆಗೆ ಬಿಳಿಯೆಲ್ಲ ಬೆಣ್ಣೆಯ ಬಣ್ಣಕ್ಕೆ ತಿರುಗಿತು, ಆದರೆ ಒಂದು ಚುಕ್ಕೆ ಬೂಷ್ಟು ಬರಲಿಲ್ಲ. ಆ ಬಣ್ಣ ನನಗೆ ಎಷ್ಟು ಹಿಡಿಸಿತೆಂದರೆ ಈಗ ಬೇಕೆಂದೇ ಕೆಲವು ಹಾಳೆಗಳನ್ನು ಅಲ್ಲಿಗೆ ಕಳಿಸುತ್ತೇನೆ.

ಅಂಟಿಸಲು ತೋಟದ ಹಳೆಯ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಪುಟಗಳಿವೆ. ಹೆಸರುಗಳ ಮೇಲೆ ಗೆಸ್ಸೋ ಬಳಿದು, ಹಾಜರಿಯ ಗೀಟುಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಬಸ್ ಟಿಕೆಟಿನ ಮೇಲೆ ಒಮ್ಮೆ ಇಸ್ತ್ರಿ ಇಟ್ಟ ಕೂಡಲೇ ಇಡೀ ಚೀಟಿ ಕಪ್ಪಾಯಿತು. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಮರುದಿನ ಇನ್ನೊಂದು ಟಿಕೆಟ್ ತೆಗೆದುಕೊಂಡು, ದಬ್ಬಣವನ್ನು ಕಾಯಿಸಿ ಅದರ ಮೇಲೆ ಸಿಲ್ವರ್ ಓಕ್ ಮರ ಬಿಡಿಸಿದೆ. ಕೂದಲೆಳೆಯ ಗೆರೆ, ಶಾಯಿ ಬೇಕಿಲ್ಲ. ವರ್ಷಗಳು ಕಳೆದಂತೆ ಮಸುಕಾಗುತ್ತದೆ, ಹಾಗಾಗಿ ಫೋಟೋ ತೆಗೆದಿಟ್ಟುಕೊಳ್ಳುವುದು ಲೇಸು. ಕಾಫಿ ಹೂವನ್ನು ಮಾತ್ರ ಅಂಟಿಸಲು ಹೋಗಬೇಡಿ, ಎರಡೇ ದಿನದಲ್ಲಿ ಕಂದುಬಣ್ಣದ ಕಸ.

ಅಕ್ರಿಲಿಕ್ ಅಂಟದಿರಲು ಎಲ್ಲರೂ ಬಟರ್ ಪೇಪರ್ ಇಡುತ್ತಾರೆ. ಪುಸ್ತಕ ಅದರಿಂದಲೇ ಉಬ್ಬುತ್ತದೆ. ನಾನು ಬಣ್ಣ ವಾರವಿಡೀ ಒಣಗಿದ ಮೇಲೆ ಮೇಣದ ಬತ್ತಿ ತೆಳುವಾಗಿ ಉಜ್ಜಿ, ಹತ್ತಿ ಬಟ್ಟೆಯಲ್ಲಿ ತಿಕ್ಕುತ್ತೇನೆ. ಮೇಣಕ್ಕೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ. ಅದು ಪ್ರತಿ ಮಲೆನಾಡಿನ ಮನೆಯಲ್ಲೂ ಇದೆ, ಹುಡುಕಿಕೊಳ್ಳಿ.

ಹೊಲಿಗೆ ಜನವರಿಯಲ್ಲಿ. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಗಾಳಿಯೂ ಒಣಗಿರುತ್ತದೆ. ಬೈಂಡಿಂಗ್‌ನವರೊಬ್ಬರು ಒಂದು ಸಂಪುಟಕ್ಕೆ ಎಂಟುನೂರು ಕೇಳಿದ್ದರು. ನಾನು ಕಲಿತು ಹೊಲಿಯುವುದರಿಂದ ನೂರರೊಳಗೆ ಮುಗಿಯುತ್ತದೆ. ಎರಡು ಹಾಳೆಗಳ ನಡುವೆ ಬೆನ್ನಿನ ಕಡೆ ಅರ್ಧ ಇಂಚಿನ ಕಾಗದದ ಪಟ್ಟಿ ಸೇರಿಸಿ ಹೊಲಿದರೆ ಒಳಗಿನ ದಪ್ಪಕ್ಕೆ ಜಾಗ ಸಿಗುತ್ತದೆ, ಪುಸ್ತಕ ಸಪಾಟಾಗಿ ಮುಚ್ಚುತ್ತದೆ. ರಕ್ಷಾಪುಟಕ್ಕೆ ಅಡಿಕೆ ಹಾಳೆ: ನೀರಿನಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಒತ್ತಿ, ಬಚ್ಚಲ ಅಟ್ಟದಲ್ಲಿ ಒಣಗಿಸಿದ್ದು. ತಿಂಗಳಿಗೆ ಈಗ ನನಗೆ ಮುನ್ನೂರು, ಹೆಚ್ಚೆಂದರೆ ಮುನ್ನೂರೈವತ್ತು ಖರ್ಚು. ಸಿಗದೆ ತೊಂದರೆಯಾಗುತ್ತಿರುವುದು ತಂತಿಯ ಬಲ್ಬು ಮಾತ್ರ. ಮೂಡಿಗೆರೆ, ಸಕಲೇಶಪುರ ಕಡೆ ಯಾವ ಅಂಗಡಿಯಲ್ಲಾದರೂ ಹಳೆಯ ದಾಸ್ತಾನು ಉಳಿದಿದ್ದರೆ ತಿಳಿಸಿ, ಡಜನ್ ಆದರೂ ಕೊಳ್ಳುತ್ತೇನೆ.