ಬೀಗದ ಕೈ ಯಾರ ಹತ್ರ ಇದೆ?

ಕೆಲವು ವರ್ಷಗಳ ಹಿಂದೆ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಬ್ಯಾಂಕಿನ ಕೆಲಸ. ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಭಾನುವಾರ ಬಟ್ಟೆ ಒಗೆದು ಹರವಿದ ಮೇಲೆ ಏನು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆ ಅಕ್ಕ, "ಸ್ಕೂಟರ್ ಇದೆಯಲ್ಲ, ಬಳ್ಳಿಗಾವಿಗಾದ್ರೂ ಹೋಗಿ ಬನ್ನಿ. ಸುಮ್ನೆ ಕೂತು ಏನ್ ಮಾಡ್ತೀರಿ?" ಅಂದರು. ಹೋದೆ.

ಆ ಮೊದಲ ಭೇಟಿ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಕೇದಾರೇಶ್ವರ ಗುಡಿಗೆ ಒಂದು ಸುತ್ತು, ತ್ರಿಪುರಾಂತಕೇಶ್ವರಕ್ಕೆ ಇನ್ನೊಂದು ಸುತ್ತು, ನಲವತ್ತು ಫೋಟೋ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮನೆಗೆ ಬಂದು ಫೋಟೋ ನೋಡಿದರೆ ಯಾವುದು ಯಾವ ಗುಡಿಯದು ಅಂತ ಗೊತ್ತಾಗಲಿಲ್ಲ. ತ್ರಿಪುರಾಂತಕದ ತಳಪಾಯದಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ನಾನು ಅದರ ಪಕ್ಕದಲ್ಲೇ ನಿಂತು ನೀರು ಕುಡಿದಿದ್ದೆ. ಕಾಣಲಿಲ್ಲ, ಯಾಕೆಂದರೆ ಅದು ಕುಕ್ಕರುಗಾಲಲ್ಲಿ ಕೂತು ನೋಡಬೇಕಾದ ಎತ್ತರದಲ್ಲಿದೆ.

ಅವತ್ತಿಂದ ಒಂದು ನಿಯಮ ಮಾಡಿಕೊಂಡೆ. ಒಂದು ಭಾನುವಾರಕ್ಕೆ ಒಂದೇ ಜಾಗ. ಒಂದು ಜಾಗಕ್ಕೆ ಕನಿಷ್ಠ ಎರಡು ಸಲ. ಮೊದಲ ಸಲ ಸುಮ್ಮನೆ ನೋಡುವುದು, ಮನೆಗೆ ಬಂದು ಓದುವುದು, ಎರಡನೇ ಸಲ ಓದಿದ್ದನ್ನು ಹುಡುಕುವುದು. ಎರಡನೇ ಸಲವೇ ಮಜಾ.

ಆರಂಭದಲ್ಲಿ ಮಾಡಿದ ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ತುಂಗಾ ದಂಡೆ ಹತ್ತಿರ ಶಿವಪ್ಪ ನಾಯಕನ ಅರಮನೆ ಇದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಜನ ಕಮ್ಮಿ ಇರುತ್ತಾರೆ ಅಂತ ಲೆಕ್ಕ ಹಾಕಿ ಸೋಮವಾರ ರಜೆ ಹಾಕಿ ಬಸ್ಸು ಹತ್ತಿ ಹೋದೆ. ಗೇಟಿಗೆ ಬೀಗ. ರಾಜ್ಯ ಸರ್ಕಾರದ ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ. ಕೇಂದ್ರದ ಪುರಾತತ್ವ ಇಲಾಖೆಯವರು ಬಾದಾಮಿ, ಐಹೊಳೆ, ಕಮಲಾಪುರದಲ್ಲಿ ನಡೆಸುವ ಮ್ಯೂಸಿಯಮ್ಮುಗಳಿಗೆ ಶುಕ್ರವಾರ ರಜೆ. ಈ ಒಂದು ಸಾಲು ಗೊತ್ತಿದ್ದಿದ್ದರೆ ನನ್ನ ಒಂದು ರಜೆ ಉಳಿಯುತ್ತಿತ್ತು!

ಆದರೂ ಈ ಕಡೆ ಸುತ್ತಬೇಕು ಅನ್ನುವವರಿಗೆ ಮೊದಲು ಆ ಅರಮನೆಗೇ ಹೋಗಿ ಅನ್ನುತ್ತೇನೆ. ಮರದ ಕಂಬಗಳ ದರ್ಬಾರ್ ಹಾಲ್ ಚೆನ್ನಾಗಿದೆ, ಆದರೆ ನನಗೆ ಉಪಯೋಗಕ್ಕೆ ಬಂದದ್ದು ಅಂಗಳ. ಬೇರೆ ಬೇರೆ ಊರಿಂದ ತಂದ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಹಳ್ಳಿಯಲ್ಲಿ ಒಂದೇ ಒಂದು ಕಲ್ಲು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಹತ್ತು ಕಲ್ಲು ಒಟ್ಟಿಗೆ ನೋಡಿದರೆ ತಾನಾಗಿ ಅರ್ಥವಾಗುತ್ತದೆ. ವೀರಗಲ್ಲನ್ನು ಕೆಳಗಿಂದ ಮೇಲೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಕಾಳಗದ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಬಡಿದಾಡಿ ಸತ್ತವನ ಕಲ್ಲು. ಕಲ್ಲಿನಲ್ಲಿ ಒಂದು ಕಂಬ, ಆ ಕಂಬದಿಂದ ಹೊರಟ ಬಳೆ ತೊಟ್ಟ ಕೈ ಕಂಡರೆ ಮಾಸ್ತಿಕಲ್ಲು. ಗಂಡನ ಜೊತೆ ಬೆಂಕಿಗೆ ಹೋದ ಹೆಂಗಸಿನದು. ಬಳೆ ಒಡೆದಿಲ್ಲ ಅಂತ ತೋರಿಸಲಿಕ್ಕೇ ಆ ಕೈ. ಆ ಕಲ್ಲಿನ ಮುಂದೆ ನನಗೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ.

ಇನ್ನು ಅಕ್ಷರ. ಹಳೆಗನ್ನಡ ಲಿಪಿ ಓದಲು ನಾನು ಯಾವ ಕೋರ್ಸೂ ಮಾಡಿಲ್ಲ. ಒಂದು ಸುಲಭದ ದಾರಿ ಸಿಕ್ಕಿತು. ಹನ್ನೊಂದು, ಹನ್ನೆರಡನೇ ಶತಮಾನದ ಶಾಸನಗಳಲ್ಲಿ ಶುರುವಿನ ಮಾತುಗಳು ಮತ್ತೆ ಮತ್ತೆ ಅವೇ. ಶಿವನ ಗುಡಿಯದಾದರೆ ಹೆಚ್ಚಾಗಿ "ನಮಸ್ತುಂಗ ಶಿರಶ್ಚುಂಬಿ ಚಂದ್ರ ಚಾಮರ ಚಾರವೇ". ಬಸದಿಯದಾದರೆ "ಶ್ರೀಮತ್ಪರಮಗಂಭೀರ". ಚಾಲುಕ್ಯರ ಕಾಲದ್ದಾದರೆ ಮುಂದೆ "ಸ್ವಸ್ತಿ ಸಮಸ್ತ ಭುವನಾಶ್ರಯ". ಕಲ್ಲಿನಲ್ಲಿ ಏನು ಬರೆದಿದೆ ಅಂತ ಮೊದಲೇ ಗೊತ್ತಿದ್ದರೆ ಅಕ್ಷರ ಗುರುತಿಸುವುದು ಕಷ್ಟವಲ್ಲ, ಅಲ್ವಾ? ಈ ಮೂರನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡು, ಕಲ್ಲಿನ ಪಕ್ಕ ಹಿಡಿದು, ಒಂದೊಂದೇ ಅಕ್ಷರ ಹೊಂದಿಸಿದೆ. ಮ, ನ, ಸ, ಶ್ರೀ. ನಾಲ್ಕು ತಿಂಗಳಲ್ಲಿ ಒಂದು ಸಾಲನ್ನು ತಡವರಿಸುತ್ತಾ ಓದುವಷ್ಟಾಯಿತು. ಕೊನೆಯಲ್ಲಿ ಬರುವ ಶಾಪವಂತೂ ಬಾಯಿಪಾಠ. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನಂತೆ. ಸಾಲ ವಸೂಲಿಗೆ ಹೋಗುವ ನಮ್ಮಂಥವರಿಗೆ ಇದು ಸ್ವಲ್ಪ ಕಸಿವಿಸಿಯ ಸಾಲು.

ಕಾಲದ ಲೆಕ್ಕ ಇನ್ನೂ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಬಳ್ಳಿಗಾವಿಯಲ್ಲಿ ಸುಮಾರು 30 ಅಡಿ ಎತ್ತರದ ಗಂಡಭೇರುಂಡ ಕಂಬವಿದೆ. ಶಕ 969, ಸರ್ವಜಿತ್ ಸಂವತ್ಸರ. ಕೂಡಿಸಿದರೆ 1047. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, 2007ರ ಯುಗಾದಿಗೆ ಶುರುವಾದದ್ದೂ ಸರ್ವಜಿತ್ತೇ. ಎರಡರ ನಡುವೆ 960 ವರ್ಷ, ಅಂದರೆ ಸರಿಯಾಗಿ ಹದಿನಾರು ಸುತ್ತು. ಲೆಕ್ಕ ತಾಳೆಯಾದಾಗ ಬ್ಯಾಂಕಿನವರಿಗೆ ಆಗುವ ಖುಷಿ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಆ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಎರಡು ಹಕ್ಕಿ ತಲೆ. ಸಾಗರದ ಹತ್ತಿರದ ಕೆಳದಿಗೆ ಹೋದಾಗ ಗುಡಿಯ ಭುವನೇಶ್ವರಿಯಲ್ಲಿ, ಅದೇ ಒಳಚಾವಣಿಯಲ್ಲಿ, ತಲೆ ಎತ್ತಿ ನೋಡಿದರೆ ಅದೇ ಗಂಡಭೇರುಂಡ. ಅಲ್ಲಿ ಪೂರ್ತಿ ಹಕ್ಕಿ. ಈಗ ನಮ್ಮ ರಾಜ್ಯದ ಲಾಂಛನದಲ್ಲಿರುವುದೂ ಅದೇ. ದಿನಾ ಆಫೀಸಿನ ಕಾಗದಗಳ ಮೇಲೆ ನೋಡುತ್ತಿದ್ದ ಗುರುತು ಅದು, ನಾನು ಯಾವತ್ತೂ ಗಮನಿಸಿರಲಿಲ್ಲ.

ಕೆಳದಿಯ ವಸ್ತುಸಂಗ್ರಹಾಲಯ ಚಿಕ್ಕದು. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಊರೂರು ಅಲೆದು ಕೂಡಿಹಾಕಿದ ತಾಳೆಗರಿ, ಕಾಗದಪತ್ರಗಳಿಂದ ಬೆಳೆದದ್ದು. ಈಗ ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಇಂಥ ಚಿಕ್ಕ ಮ್ಯೂಸಿಯಮ್ಮಿಗೆ ಹೋಗುವಾಗ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. "ಇಲ್ಲಿ ಏನೇನಿದೆ?" ಅಂತ ಕೇಳಿದರೆ ಕೈ ಚಾಚಿ ಗಾಜಿನ ಪೆಟ್ಟಿಗೆ ತೋರಿಸುತ್ತಾರೆ, ಅಷ್ಟೇ. ನಾನು ಹೋದಾಗ, "ತಾಳೆಗರಿ ಮೇಲೆ ಶಾಯಿ ಹೇಗೆ ನಿಲ್ಲುತ್ತೆ ಸರ್?" ಅಂತ ಕೇಳಿದೆ. ಅಲ್ಲಿದ್ದವರು ನಕ್ಕು ಕುರ್ಚಿ ಹಾಕಿದರು. ಶಾಯಿಯಲ್ಲಿ ಬರೆಯುವುದೇ ಅಲ್ಲವಂತೆ. ಕಂಟ ಅನ್ನುವ ಚೂಪು ಲೇಖನಿಯ ಮೊನೆಯಿಂದ ಗೀರಿ, ಆಮೇಲೆ ಕಪ್ಪು ಸವರಿ ಒರೆಸುತ್ತಾರೆ. ಗೀರಿದ ಕಡೆ ಮಾತ್ರ ಕಪ್ಪು ಉಳಿಯುತ್ತದೆ. ಮುಂದಿನ ಒಂದು ಗಂಟೆ ನಾನು ಬಾಯಿ ಬಿಡಬೇಕಾಗಲೇ ಇಲ್ಲ.

ಅಲ್ಲಿಂದ ಇಕ್ಕೇರಿ ದೂರವಿಲ್ಲ. ಅಘೋರೇಶ್ವರ ಗುಡಿಯ ಒಳಗಿನ ನೆಲ ನೋಡಿ. ಅಡ್ಡ ಬಿದ್ದು ಕೈ ಮುಗಿದ ಕೆಳದಿಯ ಮೂವರು ಅರಸರ ಉಬ್ಬುಚಿತ್ರಗಳಿವೆ, ಒಬ್ಬನಿಗೆ ಬೇಡಿ ಬೇರೆ ಹಾಕಿದ್ದಾರೆ. ನಾನು ಮೊದಲ ಸಲ ಅವರನ್ನು ದಾಟಿಕೊಂಡು ಹೋಗಿ, ಒಳಗಿನ ದೊಡ್ಡ ಪೀಠದ ಸುತ್ತಲಿನ 32 ಶಕ್ತಿಯರನ್ನು ಎಣಿಸುತ್ತಾ ನಿಂತಿದ್ದೆ.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬಕ್ಕೆ ಮಾತ್ರ ನಾನು ಐದು ಸಲ ಹೋಗಿದ್ದೇನೆ. ಎಂಟು ಮುಖದ ಕಲ್ಲು. ಅಕ್ಷರ ಅಡ್ಡ ಇಲ್ಲ, ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಕತ್ತು ವಾಲಿಸಿ ವಾಲಿಸಿ ನೋವು ಬಂತು. ಪ್ರತಿ ಅಕ್ಷರದ ತಲೆಯ ಮೇಲೆ ಪುಟ್ಟ ಚೌಕ ಪೆಟ್ಟಿಗೆ. ಸಂಸ್ಕೃತದ್ದು, ಕುಬ್ಜ ಅನ್ನುವ ಕವಿ ಬರೆದದ್ದು. ಮಯೂರಶರ್ಮ ಗುರುವಿನ ಜೊತೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ಇದರಲ್ಲಿದೆ. ಕದಂಬರ ಕಥೆ ಅಂತ ಶಾಲೆಯಲ್ಲಿ ಓದಿದ್ದು ಈ ಕಲ್ಲಿನಿಂದಲೇ ಬಂದದ್ದು. ಕಂಬದ ಹತ್ತಿರ ಹೋಗಬೇಕಾದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಇಲ್ಲವೇ ಸಂಜೆ ಐದರ ಮೇಲೆ. ನೆತ್ತಿ ಮೇಲಿನ ಬಿಸಿಲಿಗೆ ಸವೆದ ಅಕ್ಷರ ಸಪಾಟಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೀರಿಗೂ ನೆರಳು ಹುಟ್ಟುತ್ತದೆ. ಮೋಡದ ದಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದರೂ ಆಯಿತು, ಎದುರಿಗೆ ಹಿಡಿಯಬೇಡಿ.

ಇದು ಗೊತ್ತಾಗುವ ಮೊದಲು ನಾನು ಸೀಮೆಸುಣ್ಣ ಉಪಯೋಗಿಸುತ್ತಿದ್ದೆ. ಒಂದು ಹಳ್ಳಿಯ ಕೆರೆ ಏರಿ ಮೇಲೆ ವೀರಗಲ್ಲಿಗೆ ಸೀಮೆಸುಣ್ಣ ತಿಕ್ಕುತ್ತಾ ಕೂತಿದ್ದಾಗ ಹಿಂದಿನಿಂದ ಒಬ್ಬರು ಅಜ್ಜಿ, "ಏ ತಂಗಿ, ನಮ್ಮ ಬೀರಪ್ಪಂಗೆ ಏನ್ ಬಳೀತಿದೀಯ?" ಅಂತ ಗದರಿದರು. ನನಗೆ ಅದು ವೀರಗಲ್ಲು, ಅವರಿಗೆ ದೇವರು. ವರ್ಷಕ್ಕೊಂದು ಸಲ ಕಾಯಿ ಒಡೆಯುತ್ತಾರೆ. ಕೊಡದಲ್ಲಿ ನೀರು ತಂದು ನನ್ನಿಂದಲೇ ತೊಳೆಸಿದರು. ತೊಳೆದಾದ ಮೇಲೆ ಮನೆಗೆ ಕರೆದು ಮಜ್ಜಿಗೆ ಕೊಟ್ಟರು. ಸುಣ್ಣವೂ ಒಂದು ಥರ ಕಲ್ಲನ್ನು ಸವೆಸುತ್ತದೆ ಅಂತ ಆಮೇಲೆ ತಿಳಿಯಿತು. ಆವತ್ತಿನಿಂದ ಚೀಲದಲ್ಲಿ ಟಾರ್ಚು, ನೋಟ್‌ಬುಕ್ಕು, ಒಂದು ಮೆತ್ತನೆ ಬ್ರಷ್ಷು. ಅಷ್ಟೇ.

ಆ ಅಜ್ಜಿಯೇ ನನಗೆ ಈ ಕೆಲಸದ ಮುಖ್ಯ ಪಾಠ ಹೇಳಿದ್ದು, ಅವರಿಗೆ ಗೊತ್ತಿಲ್ಲದೆ. ಊರೊಳಗೆ ಹಳೇ ಗುಡಿ ಇದೆಯಾ ಅಂದೆ. "ಇದೆ. ಬೀಗದ ಕೈ ಮೇಷ್ಟ್ರ ಮನೇಲಿದೆ. ಅವರು ಗದ್ದೆಗೆ ಹೋಗಿದ್ರೆ ಅವರ ಹೆಂಡ್ತಿ ಕೊಡ್ತಾರೆ. ನನ್ನ ಹೆಸರು ಹೇಳು." ಹಳ್ಳಿಗೆ ಹೋದರೆ "ದೇವಸ್ಥಾನ ಎಲ್ಲಿ?" ಅಂತ ಈಗ ಕೇಳುವುದೇ ಇಲ್ಲ, "ಬೀಗದ ಕೈ ಯಾರ ಹತ್ರ ಇದೆ?" ಅಂತ ಕೇಳುತ್ತೇನೆ. ದಾರಿ ತೋರಿಸಿದವರು ತಮ್ಮ ಪಾಡಿಗೆ ಹೋಗುತ್ತಾರೆ. ಬೀಗದ ಕೈ ತಂದವರು ಜೊತೆಗೆ ಒಳಗೆ ಬರುತ್ತಾರೆ, ಕಥೆ ಹೇಳುತ್ತಾರೆ, ಹಿತ್ತಲಲ್ಲಿ ಇನ್ನೊಂದು ಕಲ್ಲಿದೆ ಬನ್ನಿ ಅನ್ನುತ್ತಾರೆ. ಅವರು ಹೇಳುವ ಕಥೆ ಇತಿಹಾಸದ ಪ್ರಕಾರ ತಪ್ಪಿರಬಹುದು. ಅದನ್ನೂ ಬರೆದುಕೊಳ್ಳುತ್ತೇನೆ, ಬೇರೆ ಪುಟದಲ್ಲಿ.

ಎಲ್ಲಿ ಹುಡುಕಬೇಕು ಅಂತ ತಿಳಿಯಲು ನನಗಿರುವ ಆಧಾರ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ ಅಚ್ಚು ಮಾಡಿಸಿದ ಸಂಪುಟಗಳು. ಶಿಕಾರಿಪುರ ತಾಲ್ಲೂಕು 1902ರ ಏಳನೇ ಸಂಪುಟದಲ್ಲಿದೆ, ಸಾಗರ, ಸೊರಬ 1904ರ ಎಂಟನೆಯದರಲ್ಲಿ. ತಾಳಗುಂದದ ಕಂಬ ಶಿಕಾರಿಪುರ 176. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಶಾಸನದ ಜೊತೆ ಕಲ್ಲು ಎಲ್ಲಿದೆ ಅಂತ ಒಂದು ಸಾಲು ಇರುತ್ತದೆ. ಆದರೆ ಅದು ನೂರಿಪ್ಪತ್ತು ವರ್ಷ ಹಳೇ ವಿಳಾಸ. ಹೊಲ ಮನೆಯಾಗಿರುತ್ತದೆ, ಮನೆ ರಸ್ತೆಯಾಗಿರುತ್ತದೆ.

ಹೀಗೆ ಒಂದು ಕಲ್ಲಿಗಾಗಿ ಮೂರು ಭಾನುವಾರ ಅಲೆದೆ. ಊರಿನ ಹೆಸರು ಬೇಡ. ಮೂರನೇ ವಾರ ಅದು ಸಿಕ್ಕಿದ್ದು ಒಬ್ಬ ಅಜ್ಜನ ಕೊಟ್ಟಿಗೆಯ ಹಿಂದೆ. ಅರ್ಧ ಮಣ್ಣಿನೊಳಗೆ, ಉಳಿದರ್ಧಕ್ಕೆ ಹಗ್ಗ, ಹಗ್ಗದ ತುದಿಗೆ ಹಸು. ಅಜ್ಜ ಮೊದಲು ಹತ್ತಿರ ಬಿಡಲಿಲ್ಲ. ಬ್ಯಾಂಕಿನವಳು ಅಂತ ಬೇರೆ ಗೊತ್ತಾಗಿತ್ತು. "ಫೋಟೋ ಹೊಡ್ಕೊಂಡು ಹೋಗ್ತೀರಿ, ನಾಳೆ ಸರ್ಕಾರದೋರು ಬಂದು ಜಾಗ ಅಳೀತಾರೆ" ಅಂದರು. ಅವರ ಭಯ ಸುಳ್ಳೇನಲ್ಲ. ಸಂರಕ್ಷಿತ ಸ್ಮಾರಕ ಅಂತಾದರೆ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೂ ಅನುಮತಿ ಬೇಕು. ಆದರೆ ಅದು ಕೇಂದ್ರದ ಪಟ್ಟಿಯಲ್ಲಿರುವ ಜಾಗಕ್ಕೆ ಮಾತ್ರ. ಹಿತ್ತಲಲ್ಲಿ ಒಂದು ಕಲ್ಲಿದೆ ಅಂತ ಈ ಕಾನೂನು ಬರುವುದಿಲ್ಲ. ಇದನ್ನು ಹೇಳಿ, ಫೋನನ್ನು ಚೀಲಕ್ಕೆ ಹಾಕಿ, ಜಗಲಿ ಮೇಲೆ ಕೂತೆ. ಅಡಿಕೆ ರೇಟಿನ ಮಾತು ಬಂತು, ಮಗಳ ಮದುವೆಯ ಮಾತು ಬಂತು. ಕಾಫಿ ಬಂದ ಮೇಲೆ ಅಜ್ಜ ತಾವೇ ಎದ್ದು ಗುದ್ದಲಿ ತಂದರು. ಹೂತ ಕಲ್ಲನ್ನು ಅಗೆಯುವುದು ಬೇಡ ಅಜ್ಜ ಅಂದೆ. ಸುತ್ತ ಬಿದ್ದಿದ್ದ ಗೊಬ್ಬರ, ದರಗು ಮಾತ್ರ ಸರಿಸಿದೆವು.

ಕೆಳಗಿನ ಪಟ್ಟಿ ಕಾಣಿಸಿತು. ಬಿಲ್ಲು ಹಿಡಿದ ಒಬ್ಬ, ಅವನ ಎದುರು ಮೂವರು. ಹಿಂದೆ ಸಾಲಾಗಿ ದನಗಳು, ಒಂದರ ಕೊಂಬು ಇನ್ನೊಂದರ ಬೆನ್ನಿಗೆ ತಾಗಿಕೊಂಡು. ತುರುಗೊಳ್. ನಾನು ಅಜ್ಜನಿಗೆ ಅರ್ಥ ಹೇಳಿದೆ. ಅವರು ಕಲ್ಲು ನೋಡಿದರು, ಕಟ್ಟಿದ್ದ ಹಸು ನೋಡಿದರು.

"ದನಕ್ಕೋಸ್ಕರ ಸತ್ತೋನಾ? ಹಂಗಾದ್ರೆ ದನ ಕಟ್ಟಿದ್ದಕ್ಕೆ ಬೇಜಾರ್ ಮಾಡ್ಕೊಂಡಿರಾಕಿಲ್ಲ ಬಿಡು."

ಮಳೆಗಾಲ ಕಳೆದು ಮತ್ತೆ ಹೋದೆ. ಹಸು ಅಲ್ಲೇ ಇತ್ತು. ಹಗ್ಗ ಮಾತ್ರ ಎರಡು ಮಾರು ಆಚೆ, ಹೊಸ ಗೂಟಕ್ಕೆ.