ಸ್ಕಿಜೋಫ್ರೇನಿಯಾದಿಂದ ಚೇತರಿಕೆ: ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಅನುಭವ

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತೆಯಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಮಂದಿಯೊಬ್ಬರಿಗೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿಗಳು ಕೇಳಿಸುವ, ಅತಿಯಾದ ಅನುಮಾನ ಕಾಡುವ ಮಾನಸಿಕ ಕಾಯಿಲೆ) ಇದೆಯೆಂದು ವೈದ್ಯರಿಂದ ತಿಳಿದು ನನ್ನ ಬಳಿಗೆ ಬರುವವರು ಮೊದಲು ಕೇಳುವುದು ಒಂದೇ: ‘ಇದು ಪೂರ್ತಿ ವಾಸಿಯಾಗುತ್ತದೆಯೇ, ಮೇಡಂ?’ ಅವರು ಬಯಸುತ್ತಿರುವುದು ಮಾತ್ರೆ ನಿಲ್ಲುವುದನ್ನೋ, ಕಿವಿಯಲ್ಲಿ ಕೇಳುವ ಧ್ವನಿಗಳು ನಿಲ್ಲುವುದನ್ನೋ, ಮಗ ಮತ್ತೆ ತೋಟಕ್ಕೆ ಇಳಿಯುವುದನ್ನೋ ಎಂದು ವಿಚಾರಿಸಿಕೊಂಡೇ ಉತ್ತರ ಕೊಡುತ್ತೇನೆ.

ಅಮೆರಿಕದ ವರ್ಮಾಂಟ್ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, ಪುನರ್ವಸತಿಯ ನೆರವಿನಿಂದ ಹೊರಬಂದವರನ್ನು ಸುಮಾರು ಮೂರು ದಶಕಗಳ ಬಳಿಕ ಹುಡುಕಿ ನೋಡಿದ ಸಂಶೋಧಕಿ ಕೋರ್ಟ್ನಿ ಹಾರ್ಡಿಂಗ್ ಮತ್ತು ಸಂಗಡಿಗರು, ಅರ್ಧದಿಂದ ಮೂರನೇ ಎರಡರಷ್ಟು ಮಂದಿ ಚೇತರಿಸಿಕೊಂಡಿದ್ದಾರೆ ಅಥವಾ ಗಣನೀಯವಾಗಿ ಸುಧಾರಿಸಿದ್ದಾರೆ ಎಂದು 1987ರಲ್ಲಿ ವರದಿ ಮಾಡಿದರು. ರೋಗಲಕ್ಷಣ ಮತ್ತು ಸಾಮಾಜಿಕ ಬದುಕು ಎರಡೂ ಸುಧಾರಿಸಿ, ಅವುಗಳಲ್ಲಿ ಒಂದಾದರೂ ಕನಿಷ್ಠ ಎರಡು ವರ್ಷ ಹಾಗೆಯೇ ಉಳಿದಿರಬೇಕೆಂಬ ಬಿಗಿಯಾದ ಅಳತೆ ಹಿಡಿದು, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ವಿಶ್ಲೇಷಣೆಯಲ್ಲಿ ಆ ಪ್ರಮಾಣ ಶೇ 13.5ರ ಆಸುಪಾಸಿಗೆ ಇಳಿಯಿತು. ನನ್ನ ಕೆಲಸವೆಲ್ಲ ಈ ಎರಡು ಅಂಕಿಗಳ ನಡುವೆ ಇರುವವರ ಜೊತೆ: ಕಾಯಿಲೆ ಪೂರ್ತಿ ಹೋಗಿರುವುದಿಲ್ಲ, ಆದರೂ ಬದುಕು ಬಹಳಷ್ಟು ಮರಳಿ ಬರಬಲ್ಲದು.

ಔಷಧಿಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಕೈನಡುಕ, ಅತಿನಿದ್ರೆ, ತೂಕದ ಏರಿಕೆ ಕಂಡರೆ ಮಾತ್ರೆ ಬಿಡುವ ಮೊದಲು ವೈದ್ಯರಿಗೆ ಹೇಳಿ, ಡೋಸ್ ಅಥವಾ ಔಷಧಿ ಬದಲಿಸಬಹುದು ಎನ್ನುತ್ತೇನೆ. ದಿನವೂ ಮಾತ್ರೆ ನುಂಗುವುದು ಜಗಳಕ್ಕೆ ಕಾರಣವಾಗುವ ಮನೆಗಳಲ್ಲಿ, ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನಿಂದ ಜಗಳವೇ ನಿಂತುಹೋದದ್ದನ್ನು ನೋಡಿದ್ದೇನೆ.

ಹೆಚ್ಚು ಸಮಯ ಹಿಡಿಯುವುದು ಧ್ವನಿಗಳು ತಗ್ಗಿದ ನಂತರದ ಘಟ್ಟ. ಕೂಗಾಟ ನಿಂತಿರುತ್ತದೆ, ಅನುಮಾನವೂ ಕಡಿಮೆಯಾಗಿರುತ್ತದೆ, ಆದರೆ ಕಾಯಿಲೆಯಿದ್ದಾತ ಮಧ್ಯಾಹ್ನದವರೆಗೆ ಮಲಗಿರುತ್ತಾನೆ, ಹೇಳದ ಹೊರತು ಸ್ನಾನ ಮಾಡುವುದಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಹುಮ್ಮಸ್ಸು ಬತ್ತುವುದೂ ಕಾಯಿಲೆಯ ಲಕ್ಷಣವೇ, ಧ್ವನಿಗಳನ್ನು ತಗ್ಗಿಸುವ ಔಷಧಿ ಇದರ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ ಎಂದು ವಿವರಿಸಿ, ಆ ಮನೆಯಲ್ಲಿ ಹೇಗಿದ್ದರೂ ನಡೆಯಲೇಬೇಕಾದ ಒಂದೇ ಒಂದು ಕೆಲಸವನ್ನು ಆರಿಸಲು ಹೇಳುತ್ತೇನೆ. ಕೊಟ್ಟಿಗೆಯ ದನಕ್ಕೆ ನೀರಿಡುವುದು, ಡೈರಿಗೆ ಹಾಲು ಹಾಕಿ ಬರುವುದು, ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಸಂಜೆ ಒಳಗೆ ತರುವುದು, ಹೀಗೆ ಏನಾದರೂ ಒಂದು. ಹೊತ್ತು ನಿಗದಿಯಾಗಿರಬೇಕು, ತಡವಾದರೂ ಬೇರೆಯವರು ಮಾಡಿಬಿಡಬಾರದು. ಅದು ರೂಢಿಯಾಗುವ ತನಕ ಎರಡನೆಯದನ್ನು ಸೇರಿಸುವುದಿಲ್ಲ. ಹೊರಗಿನ ಕೂಲಿಗೆ ಹೋಗುವ ಹಂತಕ್ಕೆ ಬಂದಾಗ, ದುಡಿದ ಹಣ ಆತನ ಕೈಯಲ್ಲೇ ಇರಲಿ ಎಂದು ಪಟ್ಟು ಹಿಡಿಯುತ್ತೇನೆ. ತಾನೇ ಸಂಪಾದಿಸಿದ ದುಡ್ಡಿನಲ್ಲಿ ತಂಗಿಗೆ ಬಳೆ ಕೊಡಿಸಿದ ಯುವಕನೊಬ್ಬ, ಅದಾದ ಮೇಲೆ ಯಾರೂ ಎಬ್ಬಿಸದೆಯೇ ಏಳತೊಡಗಿದ.

ಮನೆಯವರ ಮಾತಿನ ಬಗೆಯನ್ನೂ ಗಮನಿಸುತ್ತೇನೆ. ಸದಾ ಟೀಕೆ, ಹಗೆತನ, ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು ಆರಂಭಿಸಿದ ಸಂಶೋಧನೆ ತೋರಿಸಿಕೊಟ್ಟಿದೆ. ಆದರೆ ಕಾಯಿಲೆ ಬಂದದ್ದೇ ನಿಮ್ಮಿಂದ ಎಂದು ಯಾವ ತಾಯಿಗೂ ಅನ್ನಿಸಬಾರದು. ಅದು ನಿಜವೂ ಅಲ್ಲ. ಈ ಮಾತನ್ನು ನಾನು ಪ್ರತಿ ಭೇಟಿಯಲ್ಲೂ ಹೇಳುತ್ತೇನೆ.

ಎರಡು ಬಗೆಯ ಔಷಧಿಗಳನ್ನು ಸಾಕಷ್ಟು ಡೋಸ್‌ನಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಫಲ ಕಾಣದಿದ್ದಾಗ ಕ್ಲೋಜಪಿನ್ ಎಂಬ ಔಷಧಿ ಇದೆ. ಆರಂಭದಲ್ಲಿ ಪದೇ ಪದೇ ಬಿಳಿ ರಕ್ತಕಣಗಳ ಪರೀಕ್ಷೆ ಬೇಕಾಗುವುದರಿಂದ ಬಸ್ ಸೌಕರ್ಯ ಕಡಿಮೆಯಿರುವ ಹಳ್ಳಿಗಳವರು ಹಿಂಜರಿಯುತ್ತಾರೆ. ಅಂಥವರಿಗೆ ಹತ್ತಿರದಲ್ಲೇ ರಕ್ತ ತೆಗೆಸುವ ಏರ್ಪಾಡು ಮಾಡುವುದೂ ಚಿಕಿತ್ಸೆಯೇ ಎಂದು ನಾನು ಭಾವಿಸುತ್ತೇನೆ.

ಚೆನ್ನಾಗಿ ಚೇತರಿಸಿಕೊಂಡವರಿಗೆ ಅಪಾಯ ಬರುವುದು ಬಹಳ ಸಲ ಮದುವೆಯ ಸಮಯದಲ್ಲಿ. ಕಾಯಿಲೆಯನ್ನು ಮುಚ್ಚಿಟ್ಟು ಸಂಬಂಧ ಕುದುರಿಸುತ್ತಾರೆ, ಹೊಸ ಮನೆಯಲ್ಲಿ ಮಾತ್ರೆ ನುಂಗುವುದು ಕಾಣಬಾರದೆಂದು ನಿಲ್ಲಿಸುತ್ತಾರೆ, ಕೆಲವು ತಿಂಗಳಲ್ಲಿ ನಿದ್ದೆ ಕೆಟ್ಟು ಎಲ್ಲವೂ ಮರುಕಳಿಸುತ್ತದೆ. ಆದ್ದರಿಂದ ಮಾತುಕತೆ ನಡೆಯುತ್ತಿರುವಾಗಲೇ, ಮದುವೆಯಾಗುವವರ ಒಪ್ಪಿಗೆ ಪಡೆದು, ಎರಡೂ ಕಡೆಯವರನ್ನು ವೈದ್ಯರ ಮುಂದೆ ಕೂರಿಸಲು ಯತ್ನಿಸುತ್ತೇನೆ. ಕೆಲವು ಸಂಬಂಧಗಳು ಅಲ್ಲಿಗೇ ಮುರಿಯುತ್ತವೆ, ಆ ದುಃಖ ಸಣ್ಣದಲ್ಲ. ಉಳಿದುಕೊಂಡ ಮದುವೆಗಳಲ್ಲಿ ಮಾತ್ರೆಯ ಚೀಟಿ ಹಿಡಿದು ಆಸ್ಪತ್ರೆಗೆ ಬರುವವರು ಈಗ ಗಂಡ ಹೆಂಡತಿ ಇಬ್ಬರೂ.