ಕೆರೆ ದಡದ ಗಿಡಕ್ಕೆ ಕತ್ತಿ ಹಾಕುವ ಮೊದಲು

ತೋಟದ ಕೆರೆ ಚೊಕ್ಕವಾಗಿ ಕಾಣಲಿ ಅಂತ ಒಂದು ಏಪ್ರಿಲ್‌ನಲ್ಲಿ ಜೆಸಿಬಿ ಕರೆಸಿ ನೀರಿನ ಅಂಚಿನವರೆಗೂ ಕೆರೆಸಿಬಿಟ್ಟೆ. ಜೂನ್ ಮಳೆಗೆ ದಡದ ಕೆಮ್ಮಣ್ಣು ಕೆರೆಗಿಳಿಯಿತು. ಮರುವರ್ಷ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಹೋದರೆ ಪಂಪಿನ ಫುಟ್‌ವಾಲ್ವ್ (ನೀರು ಹೀರುವ ಪೈಪಿನ ತುದಿಯ ಕವಾಟ) ಹೂಳಿನಲ್ಲಿ ಹೂತುಹೋಗಿತ್ತು. ಕೊಡಗಿನ ಮಳೆಗೆ ಬೋಳು ದಡ ನಿಲ್ಲುವುದಿಲ್ಲ.

ಮೊದಲು ಪಹಣಿ, ಸರ್ವೆ ನಕ್ಷೆ ತೆಗೆದು ನೋಡಿ. ಕೆರೆ ನಿಮ್ಮದೋ, ಸರ್ಕಾರದ್ದೋ? ಸರ್ಕಾರಿ ಕೆರೆಯಾದರೆ ಅದರ ಅಂಗಳದಲ್ಲಿ ಸುಮ್ನೆ ಕೈಯಾಡಿಸುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಜಮೀನು ಅನ್‌ರಿಡೀಮ್ಡ್ ಬಾಣೆಯಾದರೆ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಗದ್ದೆಯ ಜೊತೆ ಬಂದ ಕಾಡುಜಾಗವಾದರೆ, ಮರದ ಹಕ್ಕು ಸರ್ಕಾರದ್ದು, ನೆಲವನ್ನು ಎಷ್ಟು ತಲೆಮಾರಿನಿಂದ ಅನುಭವಿಸಿದ್ದರೂ.

ಮರ ನಿಮ್ಮದೇ ಆದರೂ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣದಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ ಮರವನ್ನಂತೂ ಕೇಳದೆ ಮುಟ್ಟಬೇಡಿ.

ಆಮೇಲೆ ದಡಕ್ಕೆ ಬನ್ನಿ. ನೀರಿನ ಅಂಚಿನಿಂದ ಹತ್ತು ಹೆಜ್ಜೆಯಷ್ಟು ಪಟ್ಟಿಯನ್ನು ನಾನು ಈಗ ಹಾಗೇ ಬಿಡುತ್ತೇನೆ. ಅಲ್ಲಿ ಹುಲ್ಲು, ವಾಟೆ, ಮುಂಡಗ ಬೆಳೆಯಲಿ. ಲಂಟಾನ ಬಂದರೆ ಅದೊಂದನ್ನೇ ಬುಡ ಸಮೇತ ಕೈಯಿಂದ ಕೀಳಿಸಿ. ನೀರಿಗೆ ಹೋಗಿಬರಲು ಒಂದೇ ದಾರಿ ಸಾಕು, ಅದೂ ನೇರವಾಗಿ ಇಳಿಯದೆ ಓರೆಯಾಗಿರಲಿ. ಕಳೆನಾಶಕವನ್ನು ಈ ಪಟ್ಟಿಯ ಹತ್ತಿರವೂ ತರಬೇಡಿ. ಅದೇ ನೀರನ್ನು ದನ ಕುಡಿಯುತ್ತದೆ ಅಲ್ವಾ?

ಮಣ್ಣಿನ ಏರಿಯ ಮಾತು ಬೇರೆ. ಅಲ್ಲಿ ಹುಲ್ಲು ಮಾತ್ರ ಇರಬೇಕು. ಮರ ದೊಡ್ಡದಾಗಿ ಸತ್ತರೆ ಅದರ ಬೇರು ಕೊಳೆತು ಏರಿಯೊಳಗೆ ಕೊಳವೆಯಂಥ ಪೊಳ್ಳಾಗುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ. ಹೆಬ್ಬೆರಳು ಗಾತ್ರದಲ್ಲಿರುವಾಗಲೇ ಸಸಿ ಕಿತ್ತುಬಿಡಿ. ದೊಡ್ಡ ಮರ ಈಗಾಗಲೇ ಇದ್ದರೆ ಬೊಡ್ಡೆ ಅಗೆಯಲು ಹೋಗಬೇಡಿ, ತಿಳಿದವರನ್ನು ಕರೆದು ತೋರಿಸಿ.

ಗಿಡ ಸವರುವ ಕೆಲಸ ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಮಣ್ಣು ಬರಿದು ಮಾಡಿದರೆ ಮತ್ತೆ ಮುಚ್ಚಿಕೊಳ್ಳಲು ಸಮಯವೇ ಸಿಗುವುದಿಲ್ಲ.

ನೀರಿನ ಮೇಲೆ ಅಂತರಗಂಗೆ (ವಾಟರ್ ಹಯಸಿಂತ್) ಕಂಡರೆ ಮಾತ್ರ ಕಾಯಬೇಡಿ. ನೇರಳೆ ಹೂವು ಬಿಡುವ ಮೊದಲೇ ಎಳೆದು ತೆಗೆಸಿ. ಬೀಜ ತಳ ಸೇರಿದರೆ ವರ್ಷಗಟ್ಟಲೆ ಮೊಳೆಯುತ್ತಲೇ ಇರುತ್ತದೆ. ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಮೇಲಿನ ತೋಟಕ್ಕೆ ಹೊತ್ತುಹಾಕಿ, ಬಿಸಿಲಿಗೆ ಗರಿಗರಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಸೇರಿಸಿ.